ಲಫ್‌ಬರೋ ಪತ್ರ: ಎರಡು ಪ್ಲಾಸ್ಟಿಕ್ ಕೂಡುವ ಜಾಗ

ಇಂಗ್ಲೆಂಡಿನ ನಡುಭಾಗದ ಲಫ್‌ಬರೋ ಗಂಟೆ ಎರಕಕ್ಕೆ ಹೆಸರಾದ ಊರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ದೊಡ್ಡ ಗಂಟೆಯನ್ನು 1881ರಲ್ಲಿ ಎರಕ ಹೊಯ್ದದ್ದು ಇಲ್ಲೇ. ನಾನು ಬಂದದ್ದು ಬೇರೊಂದು ಎರಕದ ಬೆನ್ನು ಹತ್ತಿ: ಅಚ್ಚಿಗೆ ಹೊಯ್ದ ಪ್ಲಾಸ್ಟಿಕ್.

ಕಾರಿನ ಡ್ಯಾಶ್‌ಬೋರ್ಡಿಗೆ ಬಳಸುವ ಪಾಲಿಕಾರ್ಬೊನೇಟ್ ಮತ್ತು ಎಬಿಎಸ್ ಎಂಬ ಎರಡು ಪ್ಲಾಸ್ಟಿಕ್ಕುಗಳ ಮಿಶ್ರಣವನ್ನೇ ತೆಗೆದುಕೊಳ್ಳಿ. ಕರಗಿಸಿ ಎಷ್ಟು ಕಲಸಿದರೂ ಇವೆರಡು ಪೂರ್ತಿ ಬೆರೆಯುವುದಿಲ್ಲ. ಒಂದರೊಳಗೆ ಇನ್ನೊಂದು ಮೈಕ್ರಾನ್ ಗಾತ್ರದ ತುಣುಕುಗಳಾಗಿ ಉಳಿಯುತ್ತದೆ. ಅವು ಕೂಡುವ ಗಡಿ ಕೆಲವೇ ನ್ಯಾನೊಮೀಟರ್ ದಪ್ಪ. ಪೆಟ್ಟು ಬಿದ್ದಾಗ ವಸ್ತು ತಡೆಯುತ್ತದೋ ಸೀಳುತ್ತದೋ ಎಂಬುದು ಬಹುಮಟ್ಟಿಗೆ ಆ ಗಡಿಯ ಹಿಡಿತದ ಮೇಲೆ ನಿಂತಿದೆ.

ಅದನ್ನು ಶಾಖದಿಂದ ಓದಬಹುದು. ಉಗುರಿನ ಚೂರಿನಷ್ಟು, 5–10 ಮಿಲಿಗ್ರಾಂ ತುಣುಕನ್ನು ಅಲ್ಯೂಮಿನಿಯಂ ಬಟ್ಟಲಲ್ಲಿಟ್ಟು ನಿಧಾನವಾಗಿ ಕಾಯಿಸುತ್ತೇವೆ. ಎಬಿಎಸ್‌ನ ಗಟ್ಟಿ ಭಾಗ ಸುಮಾರು 105 ಡಿಗ್ರಿಯಲ್ಲಿ, ಪಾಲಿಕಾರ್ಬೊನೇಟ್ 150ರ ಆಸುಪಾಸಿನಲ್ಲಿ ಮೆದುವಾಗುತ್ತದೆ. ತೊಡಕೆಂದರೆ, ತಣ್ಣನೆಯ ಅಚ್ಚಿನಲ್ಲಿ ಥಟ್ಟನೆ ಗಟ್ಟಿಯಾದ ಪ್ಲಾಸ್ಟಿಕ್ ಕಾಯಿಸಿದಾಗ ತನ್ನೊಳಗಿನ ಬಿಗುವನ್ನೂ ಬಿಡುತ್ತದೆ. ಆ ಶಾಖ ನಮಗೆ ಬೇಕಾದ ಗುರುತನ್ನು ಮರೆಮಾಡುತ್ತದೆ. 1990ರ ದಶಕದ ಆರಂಭದಲ್ಲಿ ಐಸಿಐ ಎಂಬ ಬ್ರಿಟಿಷ್ ರಾಸಾಯನಿಕ ಕಂಪನಿಯಲ್ಲಿದ್ದ ಮೈಕ್ ರೀಡಿಂಗ್ ಇದಕ್ಕೊಂದು ದಾರಿ ತೋರಿಸಿದರು: ಏರುವ ಉಷ್ಣತೆಯ ಮೇಲೆ ಸಣ್ಣ ಅಲೆಗಳನ್ನು ಹಾಯಿಸಿ ಬಿಗುವಿನ ಶಾಖವನ್ನೂ ಮೆದುವಾಗುವ ಗುರುತನ್ನೂ ಬೇರ್ಪಡಿಸುವುದು. ಇದೇ ಲಫ್‌ಬರೋದಲ್ಲಿ ಹೌರ್‌ಸ್ಟನ್ ಮತ್ತು ಸಾಂಗ್ ಎಂಬ ಸಂಶೋಧಕರು ಆ ವಿಧಾನವನ್ನು ಗಡಿಯ ಅಳತೆಗೆ ಹಚ್ಚಿದರು. ಅಳತೆಯ ಗ್ರಾಫಿನಲ್ಲಿ ಒಂದೊಂದು ಪ್ಲಾಸ್ಟಿಕ್ ಮೆದುವಾಗುವಲ್ಲಿ ಒಂದೊಂದು ಶಿಖರ ಕಾಣುತ್ತದೆ; ಆ ಎರಡು ಶಿಖರಗಳ ನಡುವೆ ಗೆರೆ ತಳ ಮುಟ್ಟದೆ ಉಳಿದರೆ, ಆ ಉಳಿಕೆಯೇ ಗಡಿಯಲ್ಲಿ ಹೆಣೆದುಕೊಂಡ ವಸ್ತು. ಈ ವಿಚಾರ ನನಗೆ ಇಂದಿಗೂ ರೋಮಾಂಚನ.

ತುಣುಕನ್ನು ಎಲ್ಲಿಂದ ಕತ್ತರಿಸುತ್ತೇವೆ ಎಂಬುದಂತೂ ಬಹಳ ಮುಖ್ಯ. ಅಚ್ಚಿನ ಗೋಡೆಗೆ ತಾಗಿದ ಹೊರಪದರದಲ್ಲಿ ಆ ಮೈಕ್ರಾನ್ ಗಾತ್ರದ ತುಣುಕುಗಳು ಉದ್ದಕ್ಕೆ ಎಳೆದುಕೊಂಡಿರುತ್ತವೆ, ಒಳಗೆ ದುಂಡಗೆ. ಎರಡು ಹರಿವು ಎದುರಾಗಿ ಸೇರುವ ವೆಲ್ಡ್ ಲೈನಿನದು ಮತ್ತೊಂದೇ ಕಥೆ.

ಪೀಣ್ಯದಲ್ಲಿ ಮೋಲ್ಡಿಂಗ್ ಮಾಡುವ ಚಿಕ್ಕಪ್ಪ ಮೊನ್ನೆ ಫೋನಿನಲ್ಲಿ, "ನಮ್ಮ ಬಕೆಟ್ ಹಿಡಿ ವೆಲ್ಡ್ ಲೈನಲ್ಲೇ ಮುರಿಯುತ್ತಲ್ಲಪ್ಪಾ, ಅದನ್ನೂ ನೋಡಬಹುದಾ?" ಎಂದರು. ಪುಡಿಮಾಡಿ ಮತ್ತೆ ಬಳಸುವ ಪ್ಲಾಸ್ಟಿಕ್ಕಿನಲ್ಲಿ (ರೀಗ್ರೈಂಡ್) ಪಾಲಿಪ್ರೊಪಿಲೀನ್ ಜೊತೆ ಎಚ್‌ಡಿಪಿಇ ಎಂಬ ಗಟ್ಟಿ ಪಾಲಿಥೀನ್ ಸೇರಿದ್ದರೆ ಸುಲಭವಾಗಿ ಗೊತ್ತಾಗುತ್ತದೆ: ಒಂದು 160 ಡಿಗ್ರಿ ದಾಟಿ ಕರಗುತ್ತದೆ, ಇನ್ನೊಂದು 130ರ ಸುಮಾರಿಗೆ. ಮೈಸೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಸಿಪೆಟ್‌ನಲ್ಲಿ ವಿಚಾರಿಸಿ ಚಿಕ್ಕಪ್ಪ, ಮುರಿದ ಜಾಗದ್ದೊಂದು, ಗಟ್ಟಿ ಜಾಗದ್ದೊಂದು ತುಂಡು ಬೇರೆ ಬೇರೆ ಕವರಿನಲ್ಲಿ ಕೊಡಿ ಎಂದೆ.