ರ್ಯಾಂಪ್ ಗೇಟಿನೊಳಗೆ ಬಂತು: ಏಪ್ರಿಲ್‌ನಿಂದ ಜೂನ್‌ವರೆಗೆ

ಏಪ್ರಿಲ್ 6

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಎಲ್ಲರ ಮನೆ ರ್ಯಾಂಪೂ ಗೇಟಿನ ಹೊರಗೇ ಇದೆ. ನಮ್ಮದೂ ಹಾಗೇ. ಅಪ್ಪ ಮನೆ ಕಟ್ಟಿಸಿದಾಗ ಕಾರು ಇರಲಿಲ್ಲ, ಲೂನಾ ಇತ್ತು, ಅದಕ್ಕೆ ಯಾವ ಏರಾದರೇನು. ಪೋರ್ಟಿಕೋ ನೆಲ ರಸ್ತೆಗಿಂತ 15 ಇಂಚು ಮೇಲಿದೆ, ಆ 15 ಇಂಚು ಹತ್ತಲು ಗಟಾರದ ಮೇಲೆ 5 ಅಡಿ ಉದ್ದದ ಕಾಂಕ್ರೀಟ್ ದಿಬ್ಬ. ಅಂದರೆ 4 ಅಡಿ ಮುಂದೆ ಹೋದರೆ 1 ಅಡಿ ಮೇಲೆ, 4ಕ್ಕೆ 1ರ ಏರು. ಗಾಲಿಕುರ್ಚಿಗೆ 12ಕ್ಕೆ 1 ಅಂತ ಹೇಳುತ್ತಾರೆ, ಅದಕ್ಕೆ ಹೋಲಿಸಿದರೆ ನಮ್ಮದು ನೃಪತುಂಗ ಬೆಟ್ಟ.

ನಾಲ್ಕು ಜನ ಕೂತು ಒಳಗೆ ಬಂದರೆ ಕಾರಿನ ಹೊಟ್ಟೆ ಕರ್ರ್ ಅಂತ ಉಜ್ಜುತ್ತದೆ. ಯಾಕೆ ಅಂತ ಇವತ್ತು ಕೂತು ಲೆಕ್ಕ ಹಾಕಿದೆ. ನಮ್ಮ ವ್ಯಾಗನ್‌ಆರ್ ಕಾರಿನ ಮುಂದಿನ ಹಿಂದಿನ ಗಾಲಿಗಳ ನಡುವೆ 2435 ಮಿ.ಮೀ. ಮುಂದಿನ ಗಾಲಿ ಪೋರ್ಟಿಕೋ ಹತ್ತಿ, ಹಿಂದಿನದು ಇನ್ನೂ ಏರಿನ ಮೇಲೆ ಇದ್ದಾಗ ದಿಬ್ಬದ ಮೂಲೆ ಎರಡರ ನಡುವೆ ಸುಮಾರು 15 ಸೆಂ.ಮೀ. ಮೇಲೆದ್ದಿರುತ್ತದೆ. ಖಾಲಿ ಕಾರಿನ ಹೊಟ್ಟೆಯೇ ನೆಲದಿಂದ 16-17 ಸೆಂ.ಮೀ. ಎತ್ತರ. ಜನ ಕೂತರೆ ಉಳಿಯುವುದೇನು?

ಏಪ್ರಿಲ್ 13

ಹೊಟ್ಟೆ ಉಜ್ಜುವುದಕ್ಕಿಂತ ದೊಡ್ಡ ತಲೆನೋವು ಗಟಾರದ್ದು. ಹೋದ ವರ್ಷ ಒಂದೇ ಮಳೆಗೆ ನಮ್ಮ ದಿಬ್ಬದ ಕೆಳಗೆ ಕಸ ಕಟ್ಟಿ, ನೀರೆಲ್ಲ ಪಕ್ಕದ ಕಾಕುನ ಅಂಗಳಕ್ಕೆ ನುಗ್ಗಿತ್ತು. ಅವರು ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ನಿಯಮ ಏನು ಅಂತ ಓದಿದೆ. 1976ರ ಕರ್ನಾಟಕ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿ ಸಾರ್ವಜನಿಕ ಬೀದಿ ಅಂದರೆ ಬರೀ ಡಾಂಬರಲ್ಲ. ಫುಟ್‌ಪಾತು, ಗಟಾರ, ನಮ್ಮ ಆಸ್ತಿಯ ಗಡಿಯವರೆಗಿನ ಜಾಗ, ಎಲ್ಲಾ ಬೀದಿಯೇ. ಮೇಲೆ ಫರಸಿ ಹಾಸಿದರೂ ಅದು ಬೀದಿಯೇ. ಇಷ್ಟು ವರ್ಷ ಆ ಐದಡಿಯನ್ನು ನಮ್ಮದು ಅಂದುಕೊಂಡು ಗುಡಿಸಿದ್ದೇವೆ, ತೊಳೆದಿದ್ದೇವೆ, ಅಲ್ಲಿ ಬೇರೆಯವರು ಬೈಕ್ ನಿಲ್ಲಿಸಿದರೆ ಬೈದಿದ್ದೇವೆ. ಬೈದದ್ದರಲ್ಲಿ ಅರ್ಧ ಮಾತ್ರ ಸರಿ. ಇನ್ನೊಬ್ಬರ ಗೇಟಿಗೆ ಅಡ್ಡ ನಿಲ್ಲಿಸಬಾರದು ಅಂತ 2017ರ ವಾಹನ ಚಾಲನಾ ನಿಯಮಗಳಲ್ಲಿ ಇದೆ. ಆದರೆ ಜಾಗ ಮಾತ್ರ ನಮ್ಮದಲ್ಲ.

ಪಾರ್ಕಿಂಗಿನ ಅಳತೆಯೂ ಸಿಕ್ಕಿತು: ಒಂದು ಕಾರಿಗೆ 2.5 ಮೀಟರ್ ಅಗಲ, 5.5 ಮೀಟರ್ ಉದ್ದ. ನಮ್ಮ ಪೋರ್ಟಿಕೋ ಗೇಟಿನಿಂದ ಗೋಡೆಗೆ ಸರಿಯಾಗಿ 18 ಅಡಿ. ಅರ್ಧ ಇಂಚು ಕಮ್ಮಿ! ಟೇಪು ಮೂರು ಸಲ ಹಿಡಿದೆ. ಆದರೂ 12 ಅಡಿಯ ಕಾರಿಗೆ ಇದು ಧಾರಾಳ.

ಏಪ್ರಿಲ್ 20

ತೀರ್ಮಾನ ಆಯಿತು. ಹೊರಗಿನ ದಿಬ್ಬ ಒಡೆಯುವುದು, 15 ಇಂಚನ್ನೂ ಒಳಗಿನ 18 ಅಡಿಯಲ್ಲೇ ಹತ್ತುವುದು.

ಒಂದೇ ಸಮ ಏರು ಕೊಟ್ಟರೆ ಸುಲಭ ಇತ್ತು. ಆದರೆ ನೆಲದಡಿಯ ನೀರಿನ ಟಾಕಿ ಅಡ್ಡ ಬಂತು. ನಮ್ಮಲ್ಲಿ ನೀರು ಐದಾರು ದಿನಕ್ಕೊಮ್ಮೆ, ಟಾಕಿ ಇಲ್ಲದೆ ಬದುಕಿಲ್ಲ. ಗೇಟಿನಿಂದ 12 ಅಡಿ ಒಳಗೆ ಅದು ಶುರುವಾಗುತ್ತದೆ, ಅದರ ಸ್ಲ್ಯಾಬು ಈಗಿನ ನೆಲದಿಂದ 6 ಇಂಚು ಕೆಳಗಿದೆ. ಒಂದೇ ಸಮ ಏರಾದರೆ ಅಲ್ಲಿ 5 ಇಂಚು ಕಡಿಯಬೇಕು, ಅಷ್ಟು ಆಳ ಕಡಿಯುವಂತಿಲ್ಲ. ಅದಕ್ಕೆ ಮೊದಲ 4 ಅಡಿಯಲ್ಲೇ 6 ಇಂಚು ಹತ್ತಿಬಿಡುವುದು, ಉಳಿದ 14 ಅಡಿಯಲ್ಲಿ ಮೆಲ್ಲಗೆ 9 ಇಂಚು. ಹೀಗೆ ಮಾಡಿದರೆ ಟಾಕಿ ಶುರುವಾಗುವಲ್ಲಿ ಕಡಿಯಬೇಕಾದ್ದು 4 ಇಂಚು ಮಾತ್ರ. ಗೌಂಡಿ ನನ್ನ ನಕ್ಷೆಯ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸರ, ದಾರ ಕಟ್ಟಿ ತೋರಸ್ರಿ, ಹಾಳ್ಯಾಗ ನನಗ ತಿಳಿಯಂಗಿಲ್ಲ" ಅಂದ. ದಾರ ಕಟ್ಟಿದೆವು. ದಾರ ನೋಡಿದ ಮೇಲೆ ನನಗೂ ಜಾಸ್ತಿ ತಿಳಿಯಿತು.

ಮೇ 4

ಒಡೆಯುವ ಕೆಲಸ ಎರಡು ದಿನ. ದಿಬ್ಬದ ಕೆಳಗೆ ಸಿಕ್ಕಿದ್ದು ಒಂದು ಚಪ್ಪಲಿ, ಲೆಕ್ಕವಿಲ್ಲದಷ್ಟು ಗುಟ್ಕಾ ಚೀಟಿ, ಅರ್ಧ ಗಟಾರ ತುಂಬಿದ ಎರಿಮಣ್ಣು. ಕಾರನ್ನು ನವನಗರದ ಮಾವನ ಮನೆಯಲ್ಲಿ ಬಿಟ್ಟಿದ್ದೇನೆ.

ಗಟಾರದ ಮೇಲೆ ಈಗ ರಸ್ತೆಯ ಮಟ್ಟಕ್ಕೇ ಐದು ಬಿಡಿ ಸ್ಲ್ಯಾಬು, ಒಂದೊಂದು 2 ಅಡಿ ಅಗಲ, 4 ಇಂಚು ದಪ್ಪ. ಒಂದೇ ದೊಡ್ಡದು ಹಾಕಬೇಡಿ, ಹೂಳು ತೆಗೆಯಲು ಎತ್ತಲು ಬರುವಂತಿರಲಿ ಅಂತ ವಾರ್ಡಿನ ಇಂಜಿನಿಯರ್ ಹೇಳಿದ್ದರು. ಒಂದೊಂದು ನೂರು ಕಿಲೋ ಮೇಲೇ ಇದೆ, ಇಬ್ಬರು ಹಾರೆ ಹಾಕಿದರೆ ಏಳುತ್ತದೆ.

ಮೇ 11

ಕಾಂಕ್ರೀಟ್ ಬಿತ್ತು. ಗಾಲಿ ಜಾರದಂತೆ ಹಸಿ ಇರುವಾಗಲೇ ಕಸಬರಿಗೆಯಿಂದ ಅಡ್ಡ ಗೀರು ಎಳೆಸುತ್ತಿದ್ದೆ. ಅಷ್ಟರಲ್ಲಿ ಅವ್ವ ಬಂದಳು. "ಹಿಂಗ ಗೀರಿದ್ರ ರಂಗೋಲಿ ಎಲ್ಲಿ ಹಾಕ್ಲೋ?" ಇದು ನನ್ನ ನಕ್ಷೆಯಲ್ಲಿ ಇರಲೇ ಇಲ್ಲ. ಗೇಟಿನ ಒಳಗೆ, ಗಾಲಿ ಓಡಾಡದ ನಟ್ಟನಡುವೆ, ಎರಡಡಿ ಚೌಕ ನುಣ್ಣಗೆ ಬಿಡಿಸಿದೆ. ಗೌಂಡಿ ನಗುತ್ತಾ ಕರಣಿಯಿಂದ ತೀಡಿದ.

ಮೇ 18

ದಡ್ಡತನ ಬರೆದಿಡುತ್ತೇನೆ. ಹಳೇ ಗೇಟು ಎರಡು ಭಾಗದ್ದು, ಒಂದೊಂದು 5 ಅಡಿ, ಒಳಗೆ ತೆರೆಯುವಂಥದ್ದು. ಇವತ್ತು ಅದನ್ನು ವಾಪಸ್ ತೂಗುಹಾಕಿ ತಳ್ಳಿದರೆ ಒಂದಡಿ ಸರಿದು ಟಣ್ ಅಂತ ನಿಂತಿತು. ನೆಲ ಒಳಗೆ ಏರುತ್ತದೆ, ಗೇಟು ಏರುವುದಿಲ್ಲ! ದಾರ ಕಟ್ಟಿದ ದಿನವೇ ಹೊಳೆಯಬೇಕಿತ್ತು, ಅಲ್ವಾ? ಏಳೆಂಟು ಇಂಚು ಮೇಲೆ ಕೂರಿಸಿದರೆ ಕೆಳಗಿನ ಸಂದಿಯಲ್ಲಿ ಓಣಿಯ ಹಂದಿಮರಿಗಳೆಲ್ಲ ಒಳಗೆ. ಹೊರಗೆ ತೆರೆಸಿದರೆ ಮತ್ತೆ ಬೀದಿಗೇ ಚಾಚಿದಂತೆ, ಇಷ್ಟೆಲ್ಲ ಒಡೆದದ್ದು ಯಾಕೆ ಹಾಗಾದರೆ?

ಕೊನೆಗೆ ಅದೇ ಎರಡು ಭಾಗ ಬೆಸುಗೆ ಹಾಕಿಸಿ, ಕೆಳಗೆ ಗಾಲಿ ಕೂರಿಸಿ, ಕಂಪೌಂಡಿನ ಒಳಬದಿಗೆ ಸರಿಯುವ ಗೇಟು ಮಾಡಿಸುತ್ತಿದ್ದೇನೆ. 30 ಅಡಿ ಮುಂಭಾಗ ಇದ್ದದ್ದಕ್ಕೆ ಬಚಾವ್. ಕರಿಬೇವಿನ ಗಿಡದ ಒಂದು ಟೊಂಗೆ ಹೋಯಿತು.

ಜೂನ್ 9

ಮಿರಗದ ಮಳೆ ಸರಿಯಾಗಿ ಹಿಡಿದಿದೆ. ರಾತ್ರಿ ಟಾರ್ಚ್ ಹಿಡಿದು ನೋಡಿದೆ, ಗಟಾರ ಸಲೀಸಾಗಿ ಹರಿಯುತ್ತಿತ್ತು. ಪೋರ್ಟಿಕೋ ನೀರು ಗೇಟಿನ ಪಕ್ಕದ ಜಾಳಿಗೆಯಲ್ಲಿ ಇಳಿಯುತ್ತಿದೆ. ಬೆಳಿಗ್ಗೆ ಮಾವನ ಮನೆಯಿಂದ ಕಾರು ತಂದೆ, ಬೇಕಂತಲೇ ಐದು ಜನರನ್ನು ಕೂರಿಸಿಕೊಂಡು. ಸದ್ದಿಲ್ಲ.

ಗೇಟಿನ ಹಳಿಯೊಳಗೆ ಆಗಲೇ ಉಸುಕು ಸೇರಿ ಕಿರುಗುಟ್ಟುತ್ತಿದೆ, ಭಾನುವಾರ ಅದನ್ನು ನೋಡಬೇಕು. ಪಕ್ಕದ ಕಾಕು ಟೇಪು ಕೇಳಿ ಒಯ್ದಿದ್ದಾರೆ, ಇನ್ನೂ ವಾಪಸ್ ಬಂದಿಲ್ಲ.