ಆರು ನಡೆ, ಆರಕ್ಕೂ ಸೊನ್ನೆ

ನಾನು ಮೈಸೂರಿನಲ್ಲಿ ಮಕ್ಕಳಿಗೆ ಚೆಸ್ ಕಲಿಸುತ್ತೇನೆ. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಡ್ರಾ ಆದ ತನ್ನ ಪಂದ್ಯವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಪಕ್ಕದಲ್ಲಿ ಕುಳಿತಳು. ಅವಳ ಬಿಳಿ ರಾಜ ಡಿ5ರಲ್ಲಿ, ಪಾನ್ (ಪದಾತಿ) ಇ5ರಲ್ಲಿ. ಎದುರಾಳಿಗೆ ಉಳಿದದ್ದು ಇ7ರ ಕಪ್ಪು ರಾಜ ಮಾತ್ರ. ಸರದಿ ಅವಳದು. ಬಿಳಿಗೆ ಆರು ನಡೆಗಳಿದ್ದವು, ಆರರ ಮುಂದೆಯೂ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ) 0.00, ಅಂದರೆ ಸಮಬಲ, ಎಂದೇ ತೋರಿಸಿತು. ಯಾವುದನ್ನು ಆಡಿದರೂ ಒಂದೇ ಎಂದುಬಿಟ್ಟೆ.

"ಹಾಗಾದರೆ ಸರ್, ಇದು ಒಂದು ನಡೆಯನ್ನು ಮೇಲೆ ಇಟ್ಟಿದೆಯಲ್ಲ, ಯಾವ ಲೆಕ್ಕದಲ್ಲಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಸ್ಟಾಕ್‌ಫಿಶ್‌ನ ಕೋಡ್ ಎಲ್ಲರಿಗೂ ಮುಕ್ತ. ಆ ರಾತ್ರಿಯೇ ಓದಲು ಕುಳಿತೆ.

ಎಂಜಿನ್ ನಡೆಗಳನ್ನು ಒಂದೊಂದಾಗಿ ತೂಗುತ್ತದೆ. ಹೊಸ ನಡೆಯ ಅಂಕ ಈಗಾಗಲೇ ಸಿಕ್ಕಿರುವುದಕ್ಕಿಂತ ಹೆಚ್ಚಾದರೆ ಮಾತ್ರ ಅದು ಮೇಲಕ್ಕೇರುತ್ತದೆ. ಸಮವಾದರೆ ಮೊದಲು ನೋಡಿದ್ದೇ ಉಳಿಯುತ್ತದೆ. ಎಷ್ಟೋ ಸಲ ನಾವು ಉತ್ತಮ ಎಂದು ನಂಬುವ ನಡೆ, ಸಾಲಿನಲ್ಲಿ ಮೊದಲು ನಿಂತದ್ದು ಅಷ್ಟೇ. ರೊನಾಲ್ಡ್ ಡಿ ಮಾನ್ 2013ರಲ್ಲಿ ಕೊಟ್ಟ ಸಿಝಿಜಿ ಕೋಷ್ಟಕಗಳನ್ನು, ಅಂದರೆ ಕೆಲವೇ ಕಾಯಿಗಳು ಉಳಿದ ಸ್ಥಿತಿಗಳ ನಿಖರ ಫಲಿತಾಂಶದ ಪಟ್ಟಿಗಳನ್ನು, ಜೋಡಿಸಿದ್ದರೆ (2018ರಿಂದ ಅವು ರಾಜರೂ ಸೇರಿ ಏಳು ಕಾಯಿಗಳವರೆಗೆ ಇವೆ) ಡ್ರಾ ಕೆಡಿಸುವ ನಡೆಗಳನ್ನು ಎಂಜಿನ್ ಮೊದಲೇ ಹಿಂದೆ ತಳ್ಳುತ್ತದೆ. ಆಮೇಲೆ ನಡೆಯುವುದು ನನ್ನನ್ನು ಬೆರಗುಗೊಳಿಸಿತು: ಉಳಿದವುಗಳಲ್ಲಿ ಒಂದನ್ನು ಆರಿಸುವಾಗ ಅದು ಕೋಷ್ಟಕವನ್ನು ಬದಿಗಿಟ್ಟು ತನ್ನದೇ ಅಂದಾಜಿನಿಂದ ಹುಡುಕುತ್ತದೆ. ಪರದೆಯ ಮೇಲೆ ಮಾತ್ರ ಸೊನ್ನೆಯೇ ನಿಂತಿರುತ್ತದೆ. ಹಾಗೆ ಹುಡುಕುವಾಗಲೂ ಎದುರಾಳಿ ತಪ್ಪುವುದಿಲ್ಲ ಎಂದೇ ಅದರ ಲೆಕ್ಕ.

ನಮ್ಮ ಮಕ್ಕಳ ಎದುರಾಳಿಗಳು ತಪ್ಪುತ್ತಾರೆ. ಆ ಪಂದ್ಯದಲ್ಲಿ ಅವಳು ರಾಜನನ್ನು ಸಿ6ಕ್ಕೆ ನಡೆಸಿದ್ದಳು. ಕಪ್ಪು ರಾಜ ಇ6ಕ್ಕೆ ಬಂದ, ಪಾನ್ ಹೋಯಿತು, ಆಟ ಮುಗಿಯಿತು. ಅದರ ಬದಲು ಪಾನನ್ನೇ ಇ6ಕ್ಕೆ ತಳ್ಳಿದ್ದರೆ? ಕಪ್ಪಿಗೆ ನಾಲ್ಕು ನಡೆಗಳು: ಡಿ8, ಇ8, ಎಫ್8, ಎಫ್6. ನೇರ ಹಿಂದಕ್ಕೆ ಇ8ಕ್ಕೆ ಸರಿದರೆ ಮಾತ್ರ ಡ್ರಾ; ಬಿಳಿ ರಾಜ ಡಿ6ಕ್ಕೆ ಬಂದಾಗ ಡಿ8ಕ್ಕೆ ಹೋಗಿ ಎದುರು ನಿಂತು, ಕೊನೆಗೆ ಸ್ಟೇಲ್‌ಮೇಟ್ (ಚೆಕ್ ಇಲ್ಲದೆ ನಡೆಯೇ ಉಳಿಯದ ಡ್ರಾ) ಪಡೆಯಬಹುದು. ಉಳಿದ ಮೂರೂ ಸೋಲು. ಗಡಿಯಾರದಲ್ಲಿ ಅರ್ಧ ನಿಮಿಷ ಉಳಿದಿರುವ ಹುಡುಗನಿಗೆ ಆ ಒಂದು ಮನೆ ಹೊಳೆಯದೇ ಹೋಗಬಹುದು. ಎರಡೂ ನಡೆಗಳ ಮುಂದೆ ಇದ್ದದ್ದು ಅದೇ 0.00.

ಮರುದಿನ ಅವಳಿಗೆ ನನ್ನ ಮಾತು ತಪ್ಪಾಗಿತ್ತು ಎಂದು ಹೇಳಿ, ಇದೇ ಸ್ಥಿತಿಯನ್ನು ಹಲಗೆಯ ಮೇಲೆ ಇಟ್ಟೆ. ಈಗ ನಮ್ಮ ತರಗತಿಯಲ್ಲಿ ಸೊನ್ನೆ ಕಂಡಾಗಲೆಲ್ಲ ಮಕ್ಕಳು ನೋಟ್‌ಬುಕ್ಕಿನಲ್ಲಿ ಎರಡು ಸಂಖ್ಯೆ ಬರೆಯುತ್ತಾರೆ: ಎದುರಾಳಿಗೆ ಎಷ್ಟು ನಡೆಗಳಿವೆ, ಅವುಗಳಲ್ಲಿ ಎಷ್ಟು ಅವನನ್ನು ಉಳಿಸುತ್ತವೆ. ಸೋಲು ತಪ್ಪಿಸಿಕೊಳ್ಳುವ ಕಡೆ ಕುಳಿತವರು ಅದೇ ಲೆಕ್ಕವನ್ನು ತಮ್ಮ ನಡೆಗಳ ಮೇಲೆ ಮಾಡುತ್ತಾರೆ. ಈ ವಾರ ಆನೆ ಮತ್ತು ಒಂಟೆಯ ವಿರುದ್ಧ ಒಂಟಿ ಆನೆಯ ಎಂಡ್‌ಗೇಮ್ ಶುರುವಾಗಿದೆ. ಅಲ್ಲಿ ಬಹುಪಾಲು ಸ್ಥಿತಿಗಳು ಡ್ರಾ, ಆದರೂ ಗ್ರ್ಯಾಂಡ್‌ಮಾಸ್ಟರ್‌ಗಳೇ ಸೋತಿದ್ದಾರೆ. ಅವಳ ನೋಟ್‌ಬುಕ್ಕಿನಲ್ಲಿ ಎರಡನೆಯ ಸಂಖ್ಯೆ ಮತ್ತೆ ಮತ್ತೆ ಒಂದಕ್ಕೇ ಇಳಿಯುತ್ತಿದೆ.