ಹದಿನಾಲ್ಕು ಮೊಳೆ ತೂತು

ಭಾನುವಾರದಿಂದ ಒಂದೇ ದನಿ ಕಿವಿಯಲ್ಲಿ ಕೂತಿದೆ. "ಹನ್ನೊಂದು... ಹನ್ನೆರಡು... ಇಲ್ಲೊಂದು, ಹದಿಮೂರು. ಬಾಗಿಲ ಹಿಂದೆ ನೋಡಿಯಮ್ಮ, ಹದಿನಾಲ್ಕು."

ನಮ್ಮ ಹಳೇ ಓನರ್ ಗೋಡೆ ಮೇಲೆ ಹೆಬ್ಬೆರಳು ಇಟ್ಟು ಇಟ್ಟು ಎಣಿಸಿದರು. ಮೊಳೆ ತೂತುಗಳನ್ನು. ಒಂದೊಂದು ತೂತಿಗೂ ಹೆಬ್ಬೆರಳು ಒತ್ತಿ ಒಂದು ಕ್ಷಣ ನಿಲ್ಲುತ್ತಿದ್ದರು. ನಾನು, ನನ್ನ ಗಂಡ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವರ ಹಾಗೆ ಕೈ ಕಟ್ಟಿ ನಿಂತಿದ್ದೆವು. ನಮ್ಮದೇ 1,70,000 ರೂಪಾಯಿ ಕೇಳಲು ಹೋದವರು ನಾವು.

ಹನುಮಂತನಗರದ ಎರಡನೇ ಮಹಡಿಯ ಮನೆ. ಬಾಡಿಗೆ 17,000, ಅಡ್ವಾನ್ಸ್ ಹತ್ತು ತಿಂಗಳದ್ದು. ಹನ್ನೊಂದು ತಿಂಗಳ ಕರಾರು. ಏಳನೇ ತಿಂಗಳಲ್ಲಿ ತಿಪಟೂರಿನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಇನ್ನು ಒಬ್ಬರೇ ಇರುವ ಹಾಗಿಲ್ಲ, ಮೆಟ್ಟಿಲು ಹತ್ತುವ ಹಾಗೂ ಇಲ್ಲ. ಆ ಮನೆಗೆ ಲಿಫ್ಟ್ ಇಲ್ಲ. ಬೇರೆ ದಾರಿಯೇ ಇರಲಿಲ್ಲ. ಕತ್ರಿಗುಪ್ಪೆಯಲ್ಲಿ ಕೆಳಗಿನ ಮನೆ ಸಿಕ್ಕಿತು. ಅಲ್ಲಿ ಎರಡು ಲಕ್ಷ ಅಡ್ವಾನ್ಸ್.

ಕಷ್ಟ ಶುರುವಾಗುವುದೇ ಇಲ್ಲಿ. ಹೊಸ ಮನೆಗೆ ಮೊದಲೇ ದುಡ್ಡು ಕೊಡಬೇಕು, ಹಳೇ ಮನೆಯ ದುಡ್ಡು ಖಾಲಿ ಮಾಡಿದ ಮೇಲೆ ಬರುತ್ತದೆ. ಅದೂ ಯಾವಾಗ? "ಮುಂದಿನವರು ಬಂದು ಅಡ್ವಾನ್ಸ್ ಕೊಡಲಿ, ನಿಮ್ಮದು ಕೊಡ್ತೀನಿ" ಅಂದರು. ನನ್ನ ನಾಲ್ಕು ಬಳೆ ಬ್ಯಾಂಕಿನಲ್ಲಿ ಅಡ ಇಟ್ಟೆವು. 41 ದಿನ. ನಮ್ಮ ದುಡ್ಡು ಅವರ ಹತ್ತಿರ ಬಡ್ಡಿಯಿಲ್ಲದೆ ಕೂತಿತ್ತು. ನಮ್ಮ ಬಳೆಗೆ ಇಲ್ಲಿ ಬಡ್ಡಿ ಏರುತ್ತಿತ್ತು.

ಅವರು ಕೆಟ್ಟ ಮನುಷ್ಯರಲ್ಲ. ಯುಗಾದಿಗೆ ಒಬ್ಬಟ್ಟು ಕಳಿಸಿದ್ದರು. ಸಂಪಿನಲ್ಲಿ ನೀರು ಕಡಿಮೆಯಾದರೆ ತಾವೇ ಟ್ಯಾಂಕರ್ ತರಿಸುತ್ತಿದ್ದರು. ಆಂಟಿಯಂತೂ ನಾವು ಸಾಮಾನು ಇಳಿಸುವ ದಿನ ಅರಿಶಿನ ಕುಂಕುಮ ಕೊಟ್ಟು, ಕಣ್ಣಲ್ಲಿ ನೀರು ತಂದುಕೊಂಡರು. ಆದರೆ ಅಡ್ವಾನ್ಸ್ ವಿಷಯ ಬಂದರೆ ಸುಮ್ನೆ ಒಳಗೆ ಹೋಗಿಬಿಡುತ್ತಿದ್ದರು. ಮನೆಮನೆಯಲ್ಲೂ ಹೀಗೇ ಅಂತ ಕಾಣುತ್ತದೆ. ಅಡ್ವಾನ್ಸ್ ಬಂದ ದಿನವೇ ಖರ್ಚಾಗಿರುತ್ತದೆ, ಮಗಳ ಮದುವೆಗೋ, ಮೇಲಿನ ಮಹಡಿ ಕಟ್ಟುವುದಕ್ಕೋ. ವಾಪಸ್ ಕೊಡಬೇಕು ಅಂದರೆ ಇನ್ನೊಬ್ಬರ ಅಡ್ವಾನ್ಸೇ ಬರಬೇಕು.

ಆಫೀಸಿನ ಗೆಳತಿಯ ಅಣ್ಣ ವಕೀಲರು. ಅವರನ್ನು ಕೇಳಿದೆ. ಹನ್ನೊಂದು ತಿಂಗಳು ಅಂತ ಯಾಕೆ ಬರೆಯುತ್ತಾರೆ ಗೊತ್ತಾ ಅಂದರು. ವರ್ಷ ಮೀರಿದರೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದು ತಪ್ಪಲಿ ಅಂತ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ವಾ ಅಂದೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಅದು ಬರುವುದೇ ಇಲ್ಲವಂತೆ. ಈಗ ಆ ಬಾಡಿಗೆಗೆ ಒಂದು ಕೋಣೆಯೂ ಸಿಗುವುದಿಲ್ಲ. ಕೇಂದ್ರದವರು 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂದರು. ಆದರೆ ಅದು ಮಾದರಿ ಮಾತ್ರ, ಆಯಾ ರಾಜ್ಯದವರು ಕಾನೂನು ಮಾಡಿದರೆ ತಾನೇ ನಡೆಯುವುದು? ಕೊನೆಗೆ ಉಳಿಯುವುದು ನಾವು ಸಹಿ ಹಾಕಿದ ಕಾಗದ. "ಕರಾರಿನಲ್ಲಿ ಏನಿದೆ ಓದಿ. ಇರುವುದನ್ನು ಕೊಡಿ, ಇಲ್ಲದ್ದನ್ನು ಕೊಡಬೇಡಿ" ಅಂದರು.

ಓದಿದೆ. ಸಹಿ ಹಾಕಿದ ದಿನ ಓದಿರಲಿಲ್ಲ, ಏಳು ತಿಂಗಳಾದ ಮೇಲೆ ಓದಿದೆ. ಆರು ತಿಂಗಳು ಕಡ್ಡಾಯವಾಗಿ ಇರಬೇಕು, ಅದು ಮುಗಿದಿತ್ತು. ಬಿಡುವುದಾದರೆ ಎರಡು ತಿಂಗಳು ಮುಂಚೆ ಹೇಳಬೇಕು, ನಾವು ಹೇಳಿದ್ದು ಒಂದು ತಿಂಗಳು ಮುಂಚೆ. ಇನ್ನೊಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಸರಿ, ಬರೆದಿದೆ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ಅದೂ ಬರೆದಿದೆ. ಅಲ್ಲಿಗೆ 34,000.

ಮೊಳೆ ತೂತಿಗೆ 8,000 ಅಂತ ಎಲ್ಲೂ ಬರೆದಿಲ್ಲ.

ಎಣಿಕೆ ಮುಗಿಸಿ ಅವರು ಕೈ ಒರೆಸಿಕೊಂಡಾಗ ಕೇಳಿದೆ. "ಸರ್, ಪೇಂಟ್ ಮಾಡುವಾಗ ಪುಟ್ಟಿ ಹಾಕಿ ತೂತು ಮುಚ್ಚುವುದಿಲ್ವಾ? ಅದಕ್ಕೆ ಬೇರೆ ದುಡ್ಡು ಯಾಕೆ?" ನನ್ನ ಗಂಡ ಹಿಂದಿನಿಂದ "ಹೋಗ್ಲಿ ಬಿಡೇ" ಅಂದರು. ಅವರ ಒಳ್ಳೆಯತನ ನನಗೆ ಗೊತ್ತು. ಆದರೆ ಆ "ಹೋಗ್ಲಿ ಬಿಡು" ಅನ್ನುವ ಮಾತಿನಿಂದ ನಮ್ಮ ಮನೆಯಿಂದ ಎಷ್ಟು ಹೋಗಿದೆ ಅನ್ನುವ ಲೆಕ್ಕವೂ ನನ್ನ ಹತ್ತಿರ ಇದೆ.

"ನೀವು ಹೊಡೆದ ಮೊಳೆ ಅಲ್ವೇನಮ್ಮ?" ಅಂದರು ಓನರ್.

ಫೋನ್ ತೆಗೆದೆ. ಹಾಲುಕ್ಕಿಸಿದ ದಿನ ತಮ್ಮನಿಗೆ ಕಳಿಸಿದ್ದ ಫೋಟೋಗಳು. ಅವನು ದುಬೈಯಲ್ಲಿದ್ದಾನೆ, ಮನೆ ಹೇಗಿದೆ ನೋಡು ಅಂತ ಎಲ್ಲ ಕೋಣೆಯದ್ದೂ ಕಳಿಸಿದ್ದೆ. ಒಂದರಲ್ಲಿ ಖಾಲಿ ಹಾಲ್. ಗೋಡೆಯ ಮೇಲೆ ಐದು ತೂತು ಸ್ಪಷ್ಟವಾಗಿ ಕಾಣುತ್ತವೆ. ಇನ್ನೊಂದರಲ್ಲಿ ಅಡುಗೆಮನೆ. ಒಲೆ ಮೇಲೆ ಉಕ್ಕುತ್ತಿರುವ ಹಾಲು, ಪಕ್ಕದಲ್ಲಿ ಹಸಿರು ಸೀರೆ ಉಟ್ಟ ಅಮ್ಮ. ಅಮ್ಮನ ತಲೆಯ ಮೇಲೆ ಸಾಲಾಗಿ ನಾಲ್ಕು ತೂತು. ಅವತ್ತು ಎರಡು ಮಹಡಿಯನ್ನು ಅಮ್ಮ ಒಬ್ಬರೇ ಹತ್ತಿದ್ದರು, ಕೈಯಲ್ಲಿ ಹಾಲಿನ ಪಾತ್ರೆ ಹಿಡಿದುಕೊಂಡು.

ಅವರು ಕನ್ನಡಕ ಏರಿಸಿ ದೊಡ್ಡದು ಮಾಡಿ ನೋಡಿದರು. ತುಂಬಾ ಹೊತ್ತು ನೋಡಿದರು. ತೂತು ನೋಡಿದರೋ ಅಮ್ಮನನ್ನು ನೋಡಿದರೋ ತಿಳಿಯಲಿಲ್ಲ. ಫೋನ್ ವಾಪಸ್ ಕೊಟ್ಟು, "ಅಮ್ಮ ಈಗ ನಡೀತಾರಾ?" ಅಂತ ಕೇಳಿದರು.

ವಾಕರ್ ಹಿಡಿದು ನಡೀತಾರೆ ಅಂದೆ. ನನ್ನ ದನಿ ಒಡೆಯಿತು. ಇಷ್ಟು ದಿನದಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು. ಮೊದಲೇ ಕೇಳಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. 8,000 ಬಿಟ್ಟರು. ಅದರ ಮಾತೇ ಮತ್ತೆ ಎತ್ತಲಿಲ್ಲ.

ಆದರೆ ಗೋಡೆಗೆ ಪೇಂಟ್ ಆಗಿರಲಿಲ್ಲ. ನಮ್ಮ ಕ್ಯಾಲೆಂಡರ್ ತೂಗುತ್ತಿದ್ದ ಜಾಗ ಇನ್ನೂ ಚೌಕಾಕಾರವಾಗಿ ಬೆಳ್ಳಗೆ ಕಾಣುತ್ತಿತ್ತು. 17,000 ಹಿಡಿದುಕೊಂಡಿದ್ದು ಯಾವುದಕ್ಕೆ? "ಹೊಡೆಸ್ತೀನಮ್ಮ, ಹೊಡೆಸ್ತೀನಿ" ಅಂದರು. ಅಷ್ಟರಲ್ಲಿ ಕೆಳಗೆ ಟೆಂಪೋ ನಿಂತ ಸದ್ದು ಕೇಳಿಸಿತು. ಮುಂದಿನವರು ಬಂದಿದ್ದರು.

ಹೊಸದಾಗಿ ಮದುವೆಯಾದ ಜೋಡಿ. ಆ ಹುಡುಗ ಕೆಳಗೆ ಓನರ್ ಎದುರು ನಿಂತು ಅಡ್ವಾನ್ಸ್ ಬಾಕಿ ಕಳಿಸಿದ. ಹತ್ತು ನಿಮಿಷದಲ್ಲಿ ನನ್ನ ಫೋನ್ ಟಿಣ್ ಅಂತು. 1,36,000. ಅದರಲ್ಲಿ ನನ್ನದು ಎಷ್ಟು, ಆ ಮಕ್ಕಳದ್ದು ಎಷ್ಟು? ಅವರು ಬಿಡುವ ದಿನ ಇದನ್ನು ಯಾರು ತಂದುಕೊಡುತ್ತಾರೆ? ನಾನು ಮಾತ್ರ ಕೈ ಮುಗಿದು, "ತುಂಬಾ ಉಪಕಾರ ಆಯ್ತು ಸರ್" ಅಂದುಬಿಟ್ಟೆ. ಆ ಮಾತು ಯಾಕೆ ಬಂತು ಅಂತ ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ.

ಮೆಟ್ಟಿಲಲ್ಲಿ ಆ ಹುಡುಗಿ ಎದುರಾದಳು. ಕೈಯಲ್ಲಿ ದೇವರ ಫೋಟೋ, ಹಾಲಿನ ಪ್ಯಾಕೆಟ್. "ಅಕ್ಕಾ, ನೀವೇನಾ ಮುಂಚೆ ಇದ್ದವರು? ಮನೆ ಹೇಗಿದೆ?"

ಗಾಳಿ ಬೆಳಕು ಚೆನ್ನಾಗಿದೆ, ನೀರಿಗೂ ತೊಂದರೆಯಿಲ್ಲ, ಆಂಟಿ ಒಳ್ಳೆಯವರು ಅಂದೆ. ಎರಡು ಮೆಟ್ಟಿಲು ಇಳಿದವಳು ತಿರುಗಿ ನಿಂತೆ.

"ಹಾಲುಕ್ಕಿಸೋ ಮುಂಚೆ ಎಲ್ಲ ಗೋಡೆಗಳ ಫೋಟೋ ತೆಗೆದಿಟ್ಟುಕೋಮ್ಮ. ಬಾಗಿಲ ಹಿಂದೆಯದ್ದೂ ಬಿಡಬೇಡ."